ಮಿಮೋಜಾಗೊಂದು ಪೆಟ್ಟಿಗೆ

"ಬಾಲ ಬಿಡಬೇಡಿ ಮೇಸ್ತ್ರಿ. ಬಿಟ್ಟರೆ ಮತ್ತೆ ಮೊದಲಿಂದ ಅಳೀಬೇಕು," ಎಂದಳು ಫಿರ್ಮಿನಾ.

ಬೆಲ್ಮೀರೋ ಮೇಸ್ತ್ರಿ ನಲವತ್ತು ವರ್ಷದಿಂದ ನದೀದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವನು. ಹಾವಿನ ಅಳತೆ ತೆಗೆಯಲು ಅವನನ್ನು ಇದುವರೆಗೆ ಯಾರೂ ಕರೆದಿರಲಿಲ್ಲ. ದಾರ ಹಿಡಿದರೆ ಹಾವು ಸುರುಳಿ ಸುತ್ತಿಕೊಳ್ಳುತ್ತಿತ್ತು. ಸುರುಳಿ ಬಿಡಿಸಲು ಹೋದರೆ ಅವನ ತೋಳನ್ನೇ ಸುತ್ತುತ್ತಿತ್ತು. ಕೊನೆಗೆ ಗೋಡೆಯ ಪಕ್ಕ ಹರಿಯಬಿಟ್ಟು ಅಂದಾಜು ಮಾಡಿದರು. ಒಂದು ಮಾರು, ಮೇಲೊಂದು ಮೊಳ. ಮಿಮೋಜಾ ಎಂಬ ಆ ಬೋವಾ, ವಿಷವಿಲ್ಲದ ಹೆಬ್ಬಾವಿನಂಥ ಹಾವು, ಸುರುಳಿ ಸುತ್ತಿದರೆ ಅಂಗೈಯಗಲ ಇದ್ದಾಗ ಫಿರ್ಮಿನಾಳ ಮರಗೆಣಸಿನ ಹಿಟ್ಟಿನ ಅಂಗಡಿಗೆ ಬಂದದ್ದು. ಹನ್ನೊಂದು ವರ್ಷದಿಂದ ಅದೇ ಮಾಡಿನಡಿ ಇಲಿ ಹಿಡಿದುಕೊಂಡು, ಮುದುಕಿಯ ಕಾಲಬುಡದಲ್ಲಿ ಮಲಗಿಕೊಂಡು ಸುಖವಾಗಿತ್ತು.

ಈಗ ಸೊಸೆ ದಾಲ್ವಾ ನಲವತ್ತು ದಿನದ ಕೂಸಿನೊಂದಿಗೆ ಬಂದಿದ್ದಳು. ಗಂಡ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದ. ಅವಳು ತಂದ ಗಂಟು ಬಿಚ್ಚದೆ ಬಾಗಿಲ ಬಳಿಯೇ ಇತ್ತು.

"ಬಾಣಂತಿ ನಿದ್ದೆ ಮಾಡುವಾಗ ಹಾವು ಬಂದು ಹಾಲು ಕುಡಿಯುತ್ತೆ ಅತ್ತೆ. ಕೂಸು ಅಳಬಾರದು ಅಂತ ಅದರ ಬಾಯಿಗೆ ಬಾಲ ಇಟ್ಟಿರುತ್ತೆ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತು."

"ಮಿಮೋಜಾಗೆ ಹಾಲು ಸೇರಲ್ಲ ಕಣೆ."

"ಅದನ್ನ ಕೂಡಿ ಹಾಕಿ. ಇಲ್ಲಾಂದ್ರೆ ಶನಿವಾರದ ದೋಣಿಗೆ ನಾನು ಅಮ್ಮನ ಮನೆಗೆ ಹೊರಟೆ, ಕೂಸನ್ನ ಕರ್ಕೊಂಡು."

ಫಿರ್ಮಿನಾಳಿಗೆ ಇದ್ದದ್ದು ಒಂದೇ ಮೊಮ್ಮಗು. ಅದರ ಕೆನ್ನೆಗೆ ಮೂಗು ತಾಗಿಸಿದ ಮೇಲೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಹಾಗಂತ ಹಾವಿಗೆ ಸೆರೆಮನೆ ಕಟ್ಟಿಸಲೂ ಮನಸ್ಸಿಲ್ಲ. ಮೇಸ್ತ್ರಿಯ ಮುಂದೆ ಬೆರಳು ಮಡಚಿ ಹೇಳಿದಳು: ಹೊರಳಾಡಲು ಮೂರು ಮೊಳ ಉದ್ದ ಬೇಕು. ಅವಿತುಕೊಳ್ಳಲು ಒಂದು ಕತ್ತಲೆ ಮೂಲೆ. ಮೈ ನೆನೆಸಲು ನೀರಿನ ಬಟ್ಟಲು. ಒಂದು ಬದಿ ಒಲೆಯ ಗೋಡೆಗೆ ತಾಗಿರಬೇಕು, ಇನ್ನೊಂದು ಬದಿ ತಣ್ಣಗಿರಬೇಕು. ಬೆರಳು ತೂರುವಷ್ಟೂ ಸಂದಿ ಇರಬಾರದು.

ಮಂಗಳವಾರ ಮೇಸ್ತ್ರಿ ಪೆಟ್ಟಿಗೆ ಹೊತ್ತು ತಂದ. ನುಣ್ಣಗೆ ಉಜ್ಜಿದ ದೋಣಿಮರ. ಸಂದುಸಂದಿಗೂ ನಾರು ತುರುಕಿ ರಾಳ ಬಳಿದಿದ್ದ. ಮುಚ್ಚಳಕ್ಕೆ ಹಿತ್ತಾಳೆಯ ಚಿಲಕ.

"ನದಿಗೆ ಬಿಟ್ಟರೂ ಒಂದು ಹನಿ ನೀರು ಒಳಗೆ ಬರಲ್ಲ, ದೋನಾ ಫಿರ್ಮಿನಾ." ಅಮ್ಮಾವ್ರನ್ನು ಅಲ್ಲಿ ಕರೆಯುವುದೇ ದೋನಾ ಎಂದು.

"ಗಾಳಿ?"

ಮೇಸ್ತ್ರಿ ಪೆಟ್ಟಿಗೆಯನ್ನು ನೋಡಿದ. ತಲೆ ಕೆರೆದುಕೊಂಡ.

"ನನ್ನ ಹಾವು ಸಮುದ್ರಕ್ಕೆ ಹೊರಟಿಲ್ಲ ಮೇಸ್ತ್ರಿ. ಅದಕ್ಕೆ ಉಸಿರಾಡಬೇಕು."

ಮೇಸ್ತ್ರಿ ಅಲ್ಲೇ ಕೂತು ಮುಚ್ಚಳ ಕೊರೆದು ಸಣ್ಣ ಕಣ್ಣಿನ ತಂತಿಬಲೆ ಹೊಡೆದ. ಮಿಮೋಜಾವನ್ನು ಒಳಗೆ ಬಿಟ್ಟ ಮೇಲೆ ಎರಡನೆಯ ತಪ್ಪು ಗೊತ್ತಾಯಿತು. ಹಾವು ಒಂದು ಸುತ್ತು ಹೊರಳಿದರೆ ಪೆಟ್ಟಿಗೆ ಈ ಕಡೆ ವಾಲಿತು, ಹಿಂದಿರುಗಿದರೆ ಆ ಕಡೆ. ಬಟ್ಟಲಿನ ನೀರೆಲ್ಲ ಚೆಲ್ಲಿಹೋಯಿತು. ಪೆಟ್ಟಿಗೆಯ ತಳ ದೋಣಿಯದರ ಹಾಗೆ ಗುಂಡಗಿತ್ತು; ಮೇಸ್ತ್ರಿಯ ಕೈಯಲ್ಲಿ ಜನ್ಮದಲ್ಲಿ ಚಪ್ಪಟೆ ತಳ ಬಂದಿರಲಿಲ್ಲ, ಪಾಪ. ಶನಿವಾರ ಬಂದು ಕಾಲು ಹೊಡೆದು ಕೊಡುತ್ತೇನೆ ಎಂದು ಹೇಳಿ ಹೋದ.

ಮಿಮೋಜಾಗೆ ಆ ತೂಗಾಟ ಒಗ್ಗಲೇ ಇಲ್ಲ. ಕತ್ತಲೆ ಮೂಲೆಗೂ ಹೋಗದೆ, ಕೊಟ್ಟ ಕೋಳಿಮರಿಯನ್ನೂ ಮುಟ್ಟದೆ, ತಲೆ ಎತ್ತಿಕೊಂಡೇ ಇತ್ತು. ಫಿರ್ಮಿನಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಗುರುವಾರ ಬೆಳಿಗ್ಗೆ ನೋಡಿದರೆ ಮೂರು ಹಿಟ್ಟಿನ ಚೀಲಕ್ಕೆ ಇಲಿ ಬಾಯಿ ಹಾಕಿತ್ತು. ಕೂಸಿನ ಜೋಲಿಯ ಅಂಚೂ ಚೂರುಚೂರಾಗಿತ್ತು. ಕೂಸಿನ ಕಾಲಿಗೆ ನಾಲ್ಕು ಬೆರಳು ದೂರ. ದಾಲ್ವಾ ಆ ಅಂಚನ್ನು ಕೈಯಲ್ಲಿ ಹಿಡಿದುಕೊಂಡು ಹಾವಿನ ಪೆಟ್ಟಿಗೆಯ ಕಡೆ ನೋಡಿದಳು.

ಮಧ್ಯಾಹ್ನ ಮೀನು ತರಲು ಹೋಗಿದ್ದ ಫಿರ್ಮಿನಾ ಹಿಂದಿರುಗಿದಾಗ ಪೆಟ್ಟಿಗೆ ಅಂಗಳದ ಬಿಸಿಲಿನಲ್ಲಿತ್ತು. ದಾಲ್ವಾ ಬೂದಿ ಹಾಕಿ ಅದನ್ನು ತಿಕ್ಕುತ್ತಿದ್ದಳು. ಮಾಡಿನ ತೊಲೆಯ ಮೇಲೆ ಮಿಮೋಜಾ ಆರಾಮವಾಗಿ ಮಲಗಿತ್ತು.

"ಯಾರೇ ಹೊರಗೆ ಬಿಟ್ಟಿದ್ದು?"

"ನಾನೇ. ಕೋಲಿನಿಂದ ಚಿಲಕ ಎತ್ತಿ ಮೇಜಿನ ಮೇಲೆ ಹತ್ತಿ ನಿಂತೆ, ಕೂಸನ್ನ ಎತ್ಕೊಂಡು. ನಿಮ್ಮ ಮಗಳು ಹೊರಗೆ ಬರೋಕೆ ಒಂದು ಗಂಟೆ ತಗೊಂಡಳು. ಕಾಲೆಲ್ಲ ಜೋಮು ಹಿಡೀತು."

"ಮತ್ತೆ ಹಾಲು ಕುಡಿಯೋಕೆ ಬಂದರೆ?"

"ನನ್ನ ಹತ್ತಿರ ಬರಲಿ, ನಾನು ನೋಡ್ಕೋತೀನಿ," ಎಂದು ದಾಲ್ವಾ ಪೆಟ್ಟಿಗೆಯನ್ನು ಇನ್ನೊಂದು ಸಲ ತಿಕ್ಕಿದಳು.

ಶನಿವಾರ ಮೇಸ್ತ್ರಿ ನಾಲ್ಕು ಮರದ ಕಾಲು, ಸುತ್ತಿಗೆ ಹಿಡಿದು ಬಂದ. ದಾಲ್ವಾಳ ತವರೂರಿಗೆ ಹೋಗುವ ದೋಣಿ ಅದಾಗಲೇ ಹೊರಟಿತ್ತು. ಒಲೆಯ ಗೋಡೆಗೆ ತಾಗಿ ಪೆಟ್ಟಿಗೆ ಮೆಲ್ಲಗೆ ತೂಗುತ್ತಿತ್ತು. ದಾಲ್ವಾ ಅದನ್ನು ಕಾಲಲ್ಲಿ ತಳ್ಳುತ್ತ ಬಟಾಣಿ ಬಿಡಿಸುತ್ತಿದ್ದಳು. ಮೇಸ್ತ್ರಿ ಸುತ್ತಿಗೆ ಎತ್ತಿದ್ದೇ ತಡ, ಫಿರ್ಮಿನಾ ಅವನ ಕೈ ಹಿಡಿದಳು.

"ಕಾಲು ಬೇಡ. ಹೀಗೇ ಇರಲಿ."

ಮೇಸ್ತ್ರಿ ಬಗ್ಗಿ ತಂತಿಬಲೆಯೊಳಗೆ ನೋಡಿದ. ಕೂಸು ಮುಷ್ಟಿ ಬಿಗಿಹಿಡಿದು, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿತ್ತು.

"ಅಲ್ಲ ದೋನಾ ಫಿರ್ಮಿನಾ, ಹಾಗಾದರೆ ಹಾವಿಗೆಲ್ಲಿ ಜಾಗ?"

ದಾಲ್ವಾ ಚಿಲಕ ಬಿದ್ದಿದೆಯೇ ಎಂದು ಒಮ್ಮೆ ಒತ್ತಿ ನೋಡಿದಳು.

"ಅದಕ್ಕೇನು ಮೇಸ್ತ್ರಿ, ಇಡೀ ಮನೆ ಇದೆಯಲ್ಲ," ಎಂದಳು.