ರಾಕ್ಷಸನ ದನಿ

"ಇಂಚರಾ, ಸತ್ವಿ ಕಣೇ! ನಮ್ಮ ಗೇಮ್ ನೋಡೋಕೆ ಪ್ರಿನ್ಸಿಪಾಲ್ರೇ ಬರ್ತಿದಾರಂತೆ!" ಎನ್ನುತ್ತಾ ಭಾರ್ಗವ ಲ್ಯಾಬಿಗೆ ಓಡಿಬಂದ.

ಇಂಚರ ತಟ್ಟನೆ ಕಂಪ್ಯೂಟರಿನತ್ತ ತಿರುಗಿದಳು. ಗೇಮಿನಲ್ಲಿ ಕೋಟೆ ಬಾಗಿಲು ಕಾಯುವ ರಾಕ್ಷಸನಿಗೆ ಅವಳು ಕೊಟ್ಟಿದ್ದು, ಕದ್ದು ರೆಕಾರ್ಡ್ ಮಾಡಿದ್ದ ಪ್ರಿನ್ಸಿಪಾಲರ ಬೈಗುಳವನ್ನೇ.

"ಟೀಸಿ ಗ್ಯಾರಂಟಿ. ಅಳಿಸಿಹಾಕೇ!"

"ರಾಕ್ಷಸ ಮೂಗ ಆಗ್ತಾನೋ! ತಡಿ, ಸೌಂಡ್ ಮಿಕ್ಸರ್‌ನಲ್ಲಿ ಅವನ ಮಾತೆಲ್ಲ ಸೇರಿ ಹರಿಯೋ ದಾರಿ, ಬಸ್ ಅಂತಾರಲ್ಲ, ಅದಕ್ಕೊಂದು ಎಫೆಕ್ಟ್ ಹಾಕಿ ದನಿ ದಪ್ಪ ಮಾಡ್ತೀನಿ. ಅವರಮ್ಮಂಗೂ ಗುರುತು ಸಿಗಲ್ಲ."

ಗಡಿಬಿಡಿಯಲ್ಲಿ ಎಫೆಕ್ಟ್ ಹಾಕುವಷ್ಟರಲ್ಲಿ ಪ್ರಿನ್ಸಿಪಾಲರು ಬಂದು ಕೂತು ಆಟ ಶುರು ಮಾಡಿಯೇಬಿಟ್ಟರು. ಮೊದಲು ಕೋಟೆಯಂಗಳದ ಕೋಳಿಯೊಂದು ಹುಲಿಯಂತೆ ಗರ್ಜಿಸಿತು. ಅಯ್ಯೋ, ಎಫೆಕ್ಟ್ ರಾಕ್ಷಸನ ಬದಲು ಕೋಳಿಗಳ ಬಸ್ಸಿಗೆ ಬಿದ್ದಿತ್ತು! ಆಮೇಲೆ ರಾಕ್ಷಸ ಬಾಯಿ ತೆರೆದ. ಸ್ಪೀಕರಿನಲ್ಲಿ ಒಂದಕ್ಷರ ಮಸುಕಾಗದೆ ಕೇಳಿಸಿತು: "ಅಪ್ಪನ್ನ ಕರ್ಕೊಂಡು ಬಾ, ಆಮೇಲೆ ಒಳಗೆ ಬಾ!"

ಇಂಚರ ಕಣ್ಣು ಮುಚ್ಚಿಕೊಂಡಳು.

"ಯಾರಮ್ಮಾ ಈ ದನಿ ಕೊಟ್ಟೋನು?" ಪ್ರಿನ್ಸಿಪಾಲರು ಮುಖ ಕಿವುಚಿದರು. "ಥೂ, ಕತ್ತೆ ಅರಚಿದ ಹಾಗಿದೆ. ಮಾತಲ್ಲಿ ಒಂಚೂರು ಮರ್ಯಾದೆ ಬೇಡ್ವಾ? ನಾಳೆ ಹತ್ತು ಗಂಟೆಗೆ ಅವನು ನನ್ನ ರೂಮಲ್ಲಿರ್ಬೇಕು. ಬರೋವಾಗ ಅಪ್ಪನ್ನ ಕರ್ಕೊಂಡು ಬಾ ಅನ್ನು!"