ಗೌರಿಯ ಗಂಟೆ

ನೆಲದಿಂದ ಎರಡಡಿ ಮೇಲೆ, ಬರೀ ಗಾಳಿಯಲ್ಲಿ, ರಕ್ತ ಹೀರುವ ಇಂಬಳವೊಂದು ಮೇಲಕ್ಕೆ ಹತ್ತುತ್ತಿತ್ತು. ದೀಪಶ್ರೀ ಸುಣ್ಣ ಹಚ್ಚಿದ ಬೆರಳನ್ನು ಅದಕ್ಕೆ ಮುಟ್ಟಿಸಿದಳು.

"ಸಿಕ್ಕಿಬಿದ್ರಿ! ತೆಗೀರಿ ಆ ಅಂಗೀನ."

ಗುಂಡಿ ಒತ್ತಿದ ಸದ್ದಾಯಿತು. ಕಾಫಿ ಗಿಡದ ಪಕ್ಕದಲ್ಲಿ ಅವಳ ಗಂಡ ನಂದನ್ ನಗುತ್ತಾ ಪ್ರತ್ಯಕ್ಷನಾದ. ಮೈಮೇಲೆ ಮಳೆಕೋಟಿನಂಥ ಬೂದು ನಿಲುವಂಗಿ. ತೊಟ್ಟವನನ್ನು ಮಾಯ ಮಾಡುವ ಅಂಥ ಅಂಗಿ ಇಡೀ ಸೈನ್ಯದಲ್ಲಿ ಇದ್ದದ್ದು ಒಂದೇ. ಅದನ್ನು ಹಾಕಿಕೊಂಡು ಶತ್ರುವಿನ ಬಂಕರಿನವರೆಗೆ ಹೋಗಿ ನೋಡಿಬರಲು ಅವನನ್ನು ಆರಿಸಿದ್ದರು. ಎರಡು ದಿನದ ರಜೆಗೆ ಗೋಣಿಬೀಡಿಗೆ ಬಂದವನು, ಯಾರಿಗೂ ತೋರಿಸಬಾರದೆಂಬ ಆಜ್ಞೆಯಲ್ಲಿ ಹೆಂಡತಿ ಸೇರಿಲ್ಲವೆಂದು ತಾನೇ ತೀರ್ಪು ಕೊಟ್ಟುಕೊಂಡಿದ್ದ.

"ಅಲ್ಲಿ ಇಂಬಳ ಇಲ್ಲ ಮಾರಾಯ್ತಿ. ಬರೀ ಕಲ್ಲು, ಹಿಮ. ಪಕ್ಕದಲ್ಲೇ ನಿಂತ್ರೂ ಯಾರಿಗೂ ಕಾಣಲ್ಲ."

"ನಮ್ಮೋರಿಗೂ?"

"ಯಾರಿಗೂ ಅಂದ್ನಲ್ಲ!"

ದೀಪಶ್ರೀಯ ನಗು ನಿಂತಿತು. "ಹಾಗಾದ್ರೆ ಗುಂಡು ತಾಗಿ ಬಿದ್ರೆ? ಹುಡುಕಿಕೊಂಡು ಬಂದೋರು ನಿಮ್ಮನ್ನ ದಾಟ್ಕೊಂಡೇ ಹೋಗ್ತಾರೆ."

"ಗುಂಡಿ ಒತ್ತಿದ್ರೆ ಕಾಣ್ತೀನಲ್ಲ."

"ಅದು ಕೆಟ್ಟು ಕೂತ್ರೆ?"

ನಂದನ್ ಗುಂಡಿಯನ್ನು ಬೆರಳಿಂದ ಸವರಿದ. ತರಬೇತಿಯಲ್ಲಿ ಒಮ್ಮೆ ಅರ್ಧ ದಿನ ಕೆಟ್ಟು ಕೂತಿತ್ತು. ಊಟದ ಸಾಲಿನಲ್ಲಿ ಅವನಿಗೆ ಯಾರೂ ಬಡಿಸಿರಲಿಲ್ಲ.

ದೀಪಶ್ರೀ ನೆಟ್ಟಗೆ ಕೊಟ್ಟಿಗೆಗೆ ಹೋದಳು. ಕಾಡಿಗೆ ಮೇಯಲು ಹೋದ ದನ ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬೀಳಲೆಂದು ಕಟ್ಟುವ ಗಂಟೆಯನ್ನು ಹಸು ಗೌರಿಯ ಕೊರಳಿಂದ ಬಿಚ್ಚಿ ತಂದಳು.

"ಗಂಟೆ ಕಟ್ಟಿದ ಗೂಢಚಾರ!" ನಂದನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಶತ್ರು ಬಂದು ಹಾಲು ಕರ್ಕೊಂಡು ಹೋಗ್ತಾನೆ ಅಷ್ಟೆ."

ಅವಳು ನಗಲಿಲ್ಲ. ಹಳೆ ಸೀರೆಯ ಅಂಚು ಹರಿದು ಗಂಟೆಯ ನಾಲಿಗೆಗೆ ಬಿಗಿಯಾಗಿ ಸುತ್ತಿದಳು. ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ.

"ನಡೆಯುವಾಗ ಹೀಗೇ ಇರ್ಲಿ. ಬಿದ್ರೆ ಮಾತ್ರ ಬಿಚ್ಚಿ ಬಾರಿಸಿ."

ಮರುದಿನ ಬೆಳಗ್ಗೆ ಬಸ್ಸು ಹತ್ತುವಾಗ ನಂದನ್ ಎದೆಯ ಮೇಲೆ ಉಬ್ಬಿದ್ದ ಶರ್ಟನ್ನು ಒಮ್ಮೆ ತಟ್ಟಿ ತೋರಿಸಿದ.

ಸಂಜೆ ಗೌರಿ ಮನೆಗೆ ಬರಲಿಲ್ಲ. ತೋಟದ ಆಳು ಭೂತಯ್ಯ ಕತ್ತಿ ಹಿಡಿದು ಪೊದೆ ಪೊದೆ ತಡಕಿದ. ಹಿಂದಿನಿಂದ ದೀಪಶ್ರೀ ನಡೆದಳು. ಅವನು ನಿಂತು, ಕಿವಿಗೆ ಕೈ ಹಿಡಿದು ಆಲಿಸಿ, ತಲೆಯಾಡಿಸಿದ.

"ಗಂಟೆ ಸದ್ದೇ ಕೇಳ್ತಿಲ್ವಲ್ಲ ಅಮ್ಮಾವ್ರೇ."

"ಕೇಳದೇ ಇರ್ಲಿ ಭೂತಯ್ಯ," ಎಂದಳು ದೀಪಶ್ರೀ. "ಯಾವತ್ತೂ ಕೇಳದೇ ಇರ್ಲಿ. ನಡಿ, ಹುಡುಕೋಣ."