ಮೇವು ನಿಲ್ಲಿಸಿದ ನಾಲ್ಕನೇ ದಿನ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ನಾನೂ ದಿನಾ ಬೆಳಿಗ್ಗೆ ಎರಡು ಮೊಟ್ಟೆ ತಿನ್ನುವವನೇ, ಉಪದೇಶ ಮಾಡಲು ಬಂದಿಲ್ಲ.

ಹೊಸಪೇಟೆ ಕಡೆ ವಿರೂಪಣ್ಣ ಎಂಬುವರದ್ದು ಒಂದು ಕೋಳಿ ಫಾರಂ. ನಾಲ್ಕು ಸಾವಿರ ಕೋಳಿ, ಎಲ್ಲವೂ ತಂತಿ ಪಂಜರದಲ್ಲಿ.

ಕೋಳಿಗೆ ವಯಸ್ಸಾದಂತೆ ಮೊಟ್ಟೆ ಕಡಿಮೆಯಾಗುತ್ತದೆ. ಆಗ ಕೆಲವರು ಒಂದು ಉಪಾಯ ಮಾಡುತ್ತಾರೆ... ಹತ್ತು ದಿನ ಮೇವು ನಿಲ್ಲಿಸಿ ಬರೀ ನೀರು ಕೊಡುತ್ತಾರೆ. ಹಸಿವಿಗೆ ಪುಕ್ಕ ಉದುರಿ, ಮೊಟ್ಟೆ ಇಡುವುದೇ ನಿಲ್ಲುತ್ತದೆ. ಆಮೇಲೆ ಮೇವು ಹಾಕಿದರೆ ಮತ್ತೆ ಮೊಟ್ಟೆ ಶುರುವಾಗುತ್ತದೆ.

ವಿರೂಪಣ್ಣನೂ ಅದನ್ನೇ ಮಾಡಿದ್ದರು.

ನಾಲ್ಕನೇ ದಿನ ಸೂಪರ್‌ವೈಸರ್ ಫೋನ್ ಮಾಡಿದ. ಕೆಲಸದ ದ್ಯಾಮವ್ವ ಒಂದು ಸಾಲಿನ ಕೋಳಿಗಳಿಗೆ ಕದ್ದು ಮೇವು ಹಾಕುತ್ತಿದ್ದಾಳೆ ಎಂದ.

ಆಗ ವಿರೂಪಣ್ಣ ಶುಗರ್ ಟೆಸ್ಟಿಗೆಂದು ಲ್ಯಾಬ್‌ನಲ್ಲಿದ್ದರು. ಹಿಂದಿನ ರಾತ್ರಿಯ ಊಟದ ನಂತರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹನ್ನೊಂದು ಗಂಟೆಯಾದರೂ ಸರದಿ ಬಂದಿಲ್ಲ... ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಕಂಡಕಂಡವರ ಮೇಲೆಲ್ಲ ರೇಗುತ್ತಿದ್ದರು.

ರಕ್ತ ಕೊಟ್ಟವರೇ ತಿಂಡಿಯನ್ನೂ ತಿನ್ನದೆ ನೇರ ಫಾರಂಗೆ ಬಂದರು. ದ್ಯಾಮವ್ವನನ್ನು ಇವತ್ತೇ ಮನೆಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಗಂಡನಿಲ್ಲದ ಆ ಹೆಂಗಸಿಗೆ ಈ ಕೂಲಿ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ಶೆಡ್ಡಿನೊಳಗೆ ಅವಳನ್ನು ಕಂಡವರೇ ಬಾಯಿಗೆ ಬಂದಂತೆ ಬೈಯತೊಡಗಿದರು. ಮಧ್ಯದಲ್ಲೇ ಕಣ್ಣಿಗೆ ಕತ್ತಲೆ ಕವಿಯಿತು... ಗೋಡೆ ಹಿಡಿದು ಕುಸಿದು ಕೂತರು.

ದ್ಯಾಮವ್ವ ಓಡಿಹೋಗಿ ತನ್ನ ಊಟದ ಡಬ್ಬಿ ತಂದಳು.

"ಮೊದ್ಲ ಉಣ್ರಿ ಸಾವ್ಕಾರ್ರ... ಆಮ್ಯಾಲ ಬೈಯ್ರಿ."

ಜೋಳದ ರೊಟ್ಟಿ, ಪುಂಡಿಪಲ್ಯ. ಒಂದು ತುತ್ತು ಬಾಯಿಗಿಟ್ಟರು, ಅಷ್ಟೇ.

ತಲೆಯೆತ್ತಿ ನೋಡಿದರೆ... ಸಾಲುಸಾಲು ಕೋಳಿಗಳು ತಂತಿಯಿಂದಾಚೆ ಕತ್ತು ಚಾಚಿ ಅವರ ಕೈಯನ್ನೇ ನೋಡುತ್ತಿದ್ದವು. ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೇ ವಾಪಸ್ಸಿಟ್ಟರು.

ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಯಾಕೆ ಮೇವು ಹಾಕಿದೆ ಎಂದು ಮೆಲ್ಲಗೆ ಕೇಳಿದರು.

"ನಾ ಒಳಗ ಬಂದ್ರ ಸಾಕು, ಮೇವು ತಂದಾಳಂತ ಎದ್ದು ನಿಂದರ್ತಾವ್ರೀ. ಎಲ್ಲಾವಕ್ಕೂ ಹಾಕಾಕ ಧೈರ್ಯ ಸಾಲಲಿಲ್ಲ, ಒಂದ್ ಸಾಲಿಗೆ ಹಾಕಿದೆ. ಅವು ತಿನ್ನೂದನ್ನ ಉಳಿದವು ನೋಡಾಕತ್ತಿದ್ವು... ಅದು ಇನ್ನೂ ದೊಡ್ಡ ತಪ್ಪಾತ್ರೀ."

ವಿರೂಪಣ್ಣನ ಕಣ್ಣು ತುಂಬಿ ಬಂತು. ಒಂದು ಹೊತ್ತು ಹಸಿದಿದ್ದಕ್ಕೆ ಲೋಕದ ಮೇಲೆಲ್ಲ ರೇಗಿದ ಮನುಷ್ಯ ಅವರು... ಈ ಮೂಕ ಜೀವಗಳು ನಾಲ್ಕು ದಿನದಿಂದ ಯಾರ ಮೇಲೆ ರೇಗಬೇಕು?

ಎದ್ದುಹೋಗಿ ಮೇವಿನ ಚೀಲ ತಾವೇ ಬಿಚ್ಚಿದರು.

"ಆ ಕಡಿಂದ ನೀ ಹಾಕ್ಕೋತ ಬಾ ಯವ್ವಾ... ಈ ಕಡಿಂದ ನಾ ಬರ್ತೀನಿ."

ಅವತ್ತಿನಿಂದ ಆ ಫಾರಂನಲ್ಲಿ ಮೇವು ನಿಲ್ಲಿಸಿಲ್ಲ. ಮೊಟ್ಟೆ ಕಡಿಮೆ, ರೇಟು ಸ್ವಲ್ಪ ಜಾಸ್ತಿ. ಕೆಲವು ಗಿರಾಕಿಗಳು ಬಿಟ್ಟೂ ಹೋದರು. ದ್ಯಾಮವ್ವ ಅಲ್ಲೇ ಇದ್ದಾಳೆ.

ಪಂಜರಗಳೂ ಇನ್ನೂ ಅಲ್ಲೇ ಇವೆ... ವಿರೂಪಣ್ಣನಿಗೆ ಈಗ ಅವುಗಳ ಮುಂದೆಯೂ ನೆಮ್ಮದಿಯಿಂದ ನಿಲ್ಲಲಾಗುತ್ತಿಲ್ಲವಂತೆ.

ಹಸಿವನ್ನು ನಾವೇ ಆರಿಸಿಕೊಂಡರೆ ಅದು ಉಪವಾಸ... ಇನ್ನೊಂದು ಜೀವದ ಮೇಲೆ ಹೇರಿದರೆ ಅದು ಹಿಂಸೆ.

ನಾಳೆ ಮೊಟ್ಟೆ ಕೊಳ್ಳುವಾಗ, ಅದನ್ನಿಟ್ಟ ಕೋಳಿ ಹೇಗಿದೆ ಎಂದು ಅಂಗಡಿಯವರನ್ನು ಒಮ್ಮೆಯಾದರೂ ಕೇಳುತ್ತೀರಾ?